ಕಂಬದ ಬುಡದ ಒದ್ದೆ

ಆ ಬೆಳಗ್ಗೆ ನನ್ನ ಹೆಂಡತಿಯ ಕೈಯಲ್ಲಿ ಚೊಂಬು ಇತ್ತೇ ಎಂದು ಯಾರಾದರೂ ಕೇಳಿದರೆ ಇತ್ತು ಎನ್ನುತ್ತೇನೆ. ಆಣೆ ಮಾಡಿ ಹೇಳು ಎಂದರೆ ಹಿಂಜರಿಯುತ್ತೇನೆ. ನಾನು ಕೆ.ಆರ್. ಪೇಟೆ ಬಸ್ಸಿಗೆಂದು ಬೀದಿಯ ಕೊನೆಯವರೆಗೆ ಹೋಗಿದ್ದೆ. ಕೊಡೆ ಮರೆತದ್ದು ನೆನಪಾಗಿ ತಿರುಗಿದೆ. ಎದುರು ಸಾಲಿನ ಹಾಲಿನಮ್ಮನ ಮನೆಯಿಂದ ಅವಳು ಬೀದಿ ದಾಟಿ ಬರುತ್ತಿದ್ದಳು. ಕೈಯಲ್ಲಿ ಚೊಂಬು, ಅದರ ಬಾಯಿಗೆ ಸೆರಗು. ಇಷ್ಟು ಸ್ಪಷ್ಟವಾಗಿ ಕಾಣುವುದರಿಂದಲೇ ನನಗೆ ಅನುಮಾನ. ಆ ಕಾಲದಲ್ಲಿ ನನ್ನ ಹತ್ತಿರ ಕೊಡೆ ಇತ್ತೋ ಇಲ್ಲವೋ ಎಂಬುದೇ ನನಗೆ ಸರಿಯಾಗಿ ಗೊತ್ತಿಲ್ಲ. ವರ್ಷಗಳಾದ ಮೇಲೆ ಕೇಳಿದ ಒಂದು ಮಾತಿಗೆ ನನ್ನ ಮನಸ್ಸೇ ಒಂದು ಚೊಂಬನ್ನೂ ಒಂದು ಸೆರಗನ್ನೂ ಹೊಂದಿಸಿಕೊಂಡಿರಬಹುದು.

ನಾನು ತರ್ಕಶಾಸ್ತ್ರ ಹೇಳಿಕೊಡುತ್ತಿದ್ದವನು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದು, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕೆ.ಆರ್. ಪೇಟೆಯ ಒಂದು ಜೂನಿಯರ್ ಕಾಲೇಜಿಗೆ ಸೇರಿದ್ದೆ. ಮನೆ ಪಾಂಡವಪುರದಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂಬ ಹಳೆಯ ಉದಾಹರಣೆಯನ್ನು ಬೋರ್ಡಿನ ಮೇಲೆ ಬರೆದು, ಕಂಡದ್ದು ಹೊಗೆಯಲ್ಲ, ಮಂಜು ಆಗಿದ್ದರೆ ಏನು ಗತಿ ಎಂದು ಹುಡುಗರನ್ನು ಕೇಳುತ್ತಿದ್ದೆ. ಅವರಲ್ಲಿ ಬಹಳ ಮಂದಿ ಕಿಟಕಿಯಾಚೆ ನೋಡುತ್ತಿದ್ದರು. ಕಣ್ಣಿಗೆ ಕಂಡದ್ದನ್ನೂ ನಂಬಬೇಡಿ ಎನ್ನುವುದು ನನ್ನ ಪಾಠದ ಸಾರ. ಮನೆಯಲ್ಲಿ ಮಾತ್ರ ಕಂಡದ್ದನ್ನೆಲ್ಲ ನಂಬಿಕೊಂಡಿದ್ದೆ.

ನಾಯಿ ಸಿಕ್ಕಿದ್ದು ಗೋವಿಂದನಹಳ್ಳಿಯಲ್ಲಿ. ಕಾಲೇಜಿನ ಹುಡುಗರನ್ನು ಅಲ್ಲಿನ ಹೊಯ್ಸಳರ ಗುಡಿ ತೋರಿಸಲು ಕರೆದುಕೊಂಡು ಹೋಗಿದ್ದೆವು. ಗುಡಿಯ ಗೋಡೆಯ ಬಿಸಿಲಿಗೆ ಕಂದು ಬಣ್ಣದ ಒಂದು ಗಂಡು ಮರಿ ಮಲಗಿತ್ತು. ತಾಯಿ ಸುತ್ತಮುತ್ತ ಇರಲಿಲ್ಲ. ಅದು ನನ್ನ ಚಪ್ಪಲಿಯ ಬಾರನ್ನು ಕಚ್ಚಿ ಹಿಡಿದು ಬಿಡಲಿಲ್ಲ. ಪುಸ್ತಕದ ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಟಿಕೇಟಿಗೆ ಬಂದ ಕಂಡಕ್ಟರು ಚೀಲದ ಕಡೆ ಕಿವಿಗೊಟ್ಟು ನಿಂತ.

"ಏನ್ ಮೇಷ್ಟ್ರೇ, ಬ್ಯಾಗು ಅಳ್ತಾ ಐತಲ್ಲ?"

"ನಾಯಿಮರಿ."

"ಕಾಲೇಜ್ಗೆ ಸೇರ್ಸಕ್ಕಾ? ತೊಡೆ ಮ್ಯಾಲಿದ್ರೆ ಟಿಕೀಟಿಲ್ಲ. ಸೀಟಲ್ಲಿ ಕೂತ್ರೆ ಆಫ್ ಟಿಕೀಟು."

ತೊಡೆಯ ಮೇಲೇ ಇಟ್ಟುಕೊಂಡೆ. ಪಾಂಡವಪುರ ಬರುವಷ್ಟರಲ್ಲಿ ಚೀಲವೂ ಒದ್ದೆ, ಪ್ಯಾಂಟೂ ಒದ್ದೆ.

ಬಾಗಿಲಲ್ಲಿ ಅವ್ವ ನಿಂತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವಳದೇ. ನಾನು ಬೆಳೆದ ಮನೆಯಲ್ಲಿ ನಾಯಿಗಳು ಇರಲಿಲ್ಲವೆಂದಲ್ಲ. ಇದ್ದವು, ಮಿಕ್ಕ ಮುದ್ದೆ ತಿಂದು ಹುಲ್ಲಿನ ಮೆದೆಯ ಬುಡದಲ್ಲಿ ಮಲಗುತ್ತಿದ್ದವು. ಹೊಸಲು ದಾಟಿದ ನಾಯಿಯನ್ನು ನಾನು ಚಿಕ್ಕಂದಿನಲ್ಲಿ ನೋಡಿರಲಿಲ್ಲ. ಮೈಸೂರಿನಲ್ಲಿ ನನಗೆ ಪಾಠ ಹೇಳಿದ ಒಬ್ಬರ ಮನೆಯಲ್ಲಿ, ಅವರು ಓದುವ ಮೇಜಿನ ಕೆಳಗೆ ಅವರ ಪಾದಕ್ಕೆ ಮೂತಿ ಆನಿಸಿಕೊಂಡು ಒಂದು ನಾಯಿ ಮಲಗಿರುತ್ತಿತ್ತು. ನನಗೂ ಅಂಥದೊಂದು ಬೇಕು ಎಂಬ ಆಸೆ ಆಗಲೇ ಹುಟ್ಟಿತ್ತು.

"ನಾಯಿ ಅಂದ್ರೆ ಜಗುಲಿಗೆ ಕಣ್ಲಾ, ನಡುಮನೆಗಲ್ಲ," ಎಂದಳು ಅವ್ವ.

"ಒಳಗೇ ಇರ್ಲಿ ಅವ್ವ. ಗಲೀಜು ಮಾಡದ ಹಾಗೆ ಕಲಿಸ್ತೀನಿ."

"ಕಲಿಸಪ್ಪ. ಮನುಸರ ಮಕ್ಕಳಿಗೆ ಕಲ್ಸಿ ಮುಗೀತಲ್ಲ, ಇನ್ನ ಇದ್ಕೆ ಕಲ್ಸು."

ನನ್ನ ಹೆಂಡತಿ ನಕ್ಕುಬಿಟ್ಟಳು. ಮರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಒಂದು ಹಳೆಯ ಸೀರೆಯನ್ನು ಮಡಿಸಿ ಹಾಸಿ ಅದರ ಮೇಲೆ ಮಲಗಿಸಿದಳು. ಅವಳು ನನ್ನ ಕಡೆಯವಳು ಎಂದುಕೊಂಡೆ. ಮದುವೆಯಾಗಿ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಅರಕೆರೆಯವಳು. ಮೈಸೂರಿನಲ್ಲೇ ಬಿ.ಎ. ಓದಿದ್ದಳು. ನಾನು ಹೇಳುವುದನ್ನು ಕೈಮೇಲೆ ಗಲ್ಲ ಇಟ್ಟು ಕೇಳುತ್ತಿದ್ದಳು.

ಕಲಿಸುವ ಕೆಲಸ ಶುರುವಾಯಿತು. ಎದ್ದ ಕೂಡಲೇ, ತಿಂದ ಕೂಡಲೇ ಮರಿಯನ್ನು ಹಿತ್ತಿಲ ನುಗ್ಗೆ ಮರದ ಹತ್ತಿರ ಒಯ್ಯುವುದು, ಕೆಲಸ ಮುಗಿಸಿದರೆ ಬಿಸ್ಕತ್ತಿನ ಚೂರು ಕೊಡುವುದು. ಅದು ಚುರುಕಾಗಿತ್ತು. ಯುಗಾದಿಯ ಹೊತ್ತಿಗೆ ತಾನೇ ಹೋಗಿ ಹಿಂಬಾಗಿಲನ್ನು ಕೆರೆಯತೊಡಗಿತು. ಆದರೆ ಒಂದು ಜಾಗವನ್ನು ಮಾತ್ರ ಬಿಡಲಿಲ್ಲ. ನಡುಮನೆಯಲ್ಲಿ ದೇವರ ಕೋಣೆಯ ಪಕ್ಕಕ್ಕೆ ಒಂದು ಮರದ ಕಂಬವಿದೆ. ಅದರ ಬುಡ. ಮೊದಲು ಕುಕ್ಕರಿಸಿ, ಸ್ವಲ್ಪ ಬೆಳೆದ ಮೇಲೆ ಕಾಲೆತ್ತಿ. ಇಡೀ ಮನೆ ಬಿಟ್ಟು ಅದೊಂದೇ ಕಡೆ.

ಅವ್ವನಿಗೆ ಶನಿವಾರ ಒಪ್ಪತ್ತು. ದೇವರ ಕೋಣೆಗೆ ಅಷ್ಟು ಹತ್ತಿರ ನಾಯಿ ಉಚ್ಚೆ ಹೊಯ್ಯುವುದು ಅವಳಿಗೆ ಸಹಿಸುವ ವಿಷಯವಲ್ಲ. ಆದರೂ ಒಂದು ಗಡುವು ಕೊಟ್ಟಳು.

"ಗೌರಿ ಹಬ್ಬಕ್ಕೆ ನಿನ್ ಭಾಮೈದ ಬಾಗಿನ ತತ್ತಾನಲ್ಲ, ಅಷ್ಟೊತ್ಗೆ ಇದು ಮನೆವಳಗೆ ಉಯ್ಯೋದ ನಿಲ್ಸಿದ್ರೆ ಇರ್ಲಿ, ನಾನೇನೂ ಅನ್ನಕ್ಕಿಲ್ಲ. ಇಲ್ದಿದ್ರೆ ಅವನ ಕೈಲೇ ಅರಕೆರೆಗೆ ಕಳಿಸ್ಬುಡು. ಗದ್ದೆ ಕಾಯ್ಕಂಡು ಬಿದ್ದಿರ್ಲಿ."

ಒಪ್ಪಿಕೊಂಡೆ. ಹಬ್ಬಕ್ಕೆ ಇನ್ನೂ ತಿಂಗಳುಗಳಿದ್ದವು. ಅಷ್ಟು ದಿನದಲ್ಲಿ ಒಂದು ಕಂಬದ ಬುಡವನ್ನು ಮರೆಸಲಾರೆನೇ?

ಒದ್ದೆಯಾದಾಗಲೆಲ್ಲ ನಡೆಯುತ್ತಿದ್ದುದು ಹೀಗೆ. ನನ್ನ ಹೆಂಡತಿ ಹಳೆಯ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಆಮೇಲೆ ಅವ್ವ ಕೊಟ್ಟಿಗೆಯಿಂದ ಚೊಂಬಿನಲ್ಲಿ ಗಂಜಲ ಹಿಡಿದು ತಂದು ಆ ಜಾಗಕ್ಕೆ ಸುರಿದು, ಪೊರಕೆಯಲ್ಲಿ ಹರಡಿ, ಆರಲು ಬಿಡುತ್ತಿದ್ದಳು. ನಾಯಿಯ ಮೈಲಿಗೆ ಹೋಗಲು ಹಸುವಿನ ಗಂಜಲ. ಅದರಲ್ಲೂ ಅವಳಿಗೆ ನಿಯಮಗಳಿದ್ದವು. ಹಿಂದಿನ ವರ್ಷ ನಮ್ಮ ಹಸು ಈದಾಗ, ಕೊಟ್ಟಿಗೆಯಲ್ಲಿ ಗಂಜಲ ಹರಿದು ಹೋಗುತ್ತಿದ್ದರೂ ಹಬ್ಬದ ಶುದ್ಧಿಗೆ ಬೇರೆ ಬೀದಿಯಿಂದ ತರಿಸಿದ್ದಳು. ಈದ ಹಸುವಿಗೆ ಪುರುಡು, ಬಾಣಂತಿಗೆ ಇದ್ದ ಹಾಗೆ. ಆ ದಿನಗಳಲ್ಲಿ ಅದರ ಹಾಲು ದೇವರಿಗಿಲ್ಲ, ಗಂಜಲ ಶುದ್ಧಿಗಿಲ್ಲ. ಹಸುವಿಗೇ ಮೈಲಿಗೆಯಾದರೆ ಆ ಹಸುವನ್ನು ಯಾವುದರಿಂದ ಶುದ್ಧಿ ಮಾಡುತ್ತೀಯವ್ವ ಎಂದು ನಾನು ಕೇಳಿದ್ದೆ. ಹೆಂಡತಿ ಹೌದಲ್ಲ ಎಂದು ನಕ್ಕಿದ್ದಳು. ಈ ನಿಯಮ ಅವಳಿಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕಾಗಿ ಇದನ್ನು ಬರೆದೆ. ಅವರ ತವರಲ್ಲೂ ಅದೇ ನಿಯಮ.

ಹೊಳೆದದ್ದು ಬಸ್ಸಿನಲ್ಲಿ. ಅದೂ ಬಸ್ ನಿಲ್ದಾಣದ ಹಿಂದಿನ ಗೋಡೆ ನೋಡುತ್ತಿದ್ದಾಗ. ಒಬ್ಬ ನಿಂತ ಕಡೆಯೇ ಇನ್ನೊಬ್ಬ ಬಂದು ನಿಲ್ಲುತ್ತಿದ್ದ. ವಾಸನೆ ಇದ್ದ ಕಡೆಗೇ ಜನ ಹೋಗುವಾಗ ನಾಯಿಯ ಪಾಡೇನು? ಅದರ ಮೂಗಿಗೆ ನಮ್ಮ ಮನೆಯಲ್ಲಿ ಉಚ್ಚೆಯ ಜಾಗ ಎಂದರೆ ಕಂಬದ ಬುಡ. ಅಲ್ಲಿ ದಿನವೂ ತನಗಿಂತ ದೊಡ್ಡದೊಂದು ಪ್ರಾಣಿ ಬಂದು ಹೊಯ್ದು ಹೋಗುತ್ತಿದೆ. ಅದರ ಮೇಲೆ ತನ್ನದನ್ನು ಸೇರಿಸದೆ ಅದು ಹೇಗೆ ಸುಮ್ಮನಿದ್ದೀತು? ನಾವು ಶುದ್ಧಿ ಮಾಡಿದಷ್ಟೂ ಅದನ್ನು ಕರೆಯುತ್ತಿದ್ದೇವೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಕೈಯಲ್ಲಿನ ಮುದ್ದೆ ಆರುವವರೆಗೆ ಹೇಳಿದೆ.

"ಅಂದ್ರೆ ನಮ್ಮ ಹಸಿನ ಗಂಜಲಾನೂ ನಾಯಿ ಉಚ್ಚೇನೂ ಒಂದೇ ಅನ್ನು," ಎಂದಳು ಅವ್ವ.

"ನನಗಲ್ಲ ಅವ್ವ. ನಾಯಿಗೆ."

"ನಾಯಿ ಹೇಳ್ತಾ ನಿಂಗೆ?"

"ಪರೀಕ್ಷೆ ಮಾಡೋಣ. ಸ್ವಲ್ಪ ದಿನ ಗಂಜಲ ಹಾಕಬೇಡ. ಸೋಪಿನ ಪುಡಿ, ಬಿಸಿನೀರು ಅಷ್ಟೇ."

"ಸೋಪಿನ ಪುಡೀಲಿ ಮೈಲಿಗೆ ಓಯ್ತದಾ? ದೇವರ ಮನೆ ಮುಂದೆ ಕಣ್ಲಾ ಅದು."

ಹೆಂಡತಿಯೇ ದಾರಿ ಹುಡುಕಿದಳು. "ಅರಿಶಿನದ ನೀರು ಚುಮುಕಿಸೋಣ ಬುಡಿ ಅತ್ತೆ. ಅದೂ ಶುದ್ಧಿನೇ ಅಲ್ವಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಂಗಾರೆ ಗಂಜಲ ಎಲ್ಲಿ ಹಾಕಿದ್ರೆ ಅಲ್ಲಿಗೇ ಬಂದು ಉಯ್ತದಾ ಅದು?" ಎಂದು ಕೇಳಿದಳು.

"ನನ್ನ ಊಹೆ ಸರಿಯಿದ್ದರೆ ಬರಲೇಬೇಕು," ಎಂದೆ.

ಅವಳು ಹಾಗೆ ಕೇಳಿದಳು ಎಂದು ನನ್ನ ನೆನಪು. ಕೇಳಿರಲಿಕ್ಕಿಲ್ಲ, ನಾನೇ ಎಲ್ಲವನ್ನೂ ಬಿಡಿಸಿ ಹೇಳಿದ್ದರಿಂದ ಕೇಳುವ ಅಗತ್ಯವೇ ಇರಲಿಲ್ಲ.

ಊಹೆ ಸರಿಯಾಯಿತು. ಸೋಪಿನ ನೀರು, ಅದರ ಮೇಲೆ ಅರಿಶಿನದ ನೀರು ಬಿದ್ದ ಕೆಲವೇ ದಿನಗಳಲ್ಲಿ ನಾಯಿ ಕಂಬವನ್ನು ಮರೆಯಿತು. ಹೋಗಿ ಮೂಸುತ್ತಿತ್ತು, ನಿಲ್ಲುತ್ತಿತ್ತು, ಆಮೇಲೆ ಹಿಂಬಾಗಿಲಿಗೆ ನಡೆಯುತ್ತಿತ್ತು. ಒಂದು ವಾರ ಕಂಬದ ಬುಡ ಒಣಗಿತ್ತು, ಮತ್ತೊಂದು ವಾರವೂ. ನಾನು ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದ್ದೇ ಹೇಳಿದ್ದು. ಹುಡುಗರಿಗೆ ಹೊಗೆ ಬೆಂಕಿಯ ಬದಲು ಗಂಜಲ ನಾಯಿಯ ಉದಾಹರಣೆ ಕೊಟ್ಟೆ. ಮೊದಲ ಬಾರಿಗೆ ಯಾರೂ ಕಿಟಕಿಯ ಕಡೆ ನೋಡಲಿಲ್ಲ. ನಾಯಿ ಸಂಜೆ ನಾನು ಓದುವಾಗ ಕುರ್ಚಿಯ ಕೆಳಗೆ ಬಂದು ಮಲಗತೊಡಗಿತು. ಅವ್ವ ಕೂಡ ಹಾದುಹೋಗುವಾಗ, "ಏನ್ ಪಂಡಿತರೇ, ವಸಿ ಆ ಕಡಿಕೆ ಸರ್ಕಳಿ," ಎಂದು ಕಾಲಿನಿಂದ ಮೆಲ್ಲಗೆ ಸವರುತ್ತಿದ್ದಳು. ಪಂಡಿತರೇ ಎಂದದ್ದು ನಾಯಿಯನ್ನೋ ನನ್ನನ್ನೋ ಎಂದು ಕೇಳಿದರೆ ಇಬ್ಬರನ್ನೂ ಎನ್ನುತ್ತಿದ್ದಳು.

ಆಷಾಢದಲ್ಲಿ ನಮ್ಮ ಹಸು ಬತ್ತಿತು. ನಾಗಮಂಗಲದ ಕಡೆ ಇದ್ದ ಚಿಕ್ಕಮ್ಮ ಬಂದು, ಇಲ್ಲಿ ಹುಲ್ಲಿಗೆ ಯಾಕೆ ಕಷ್ಟಪಡುತ್ತೀರಿ, ಮೇಯಲು ಅಲ್ಲಿ ಜಾಗವಿದೆ, ಗಬ್ಬವಾದ ಮೇಲೆ ಕಳಿಸುತ್ತೇನೆ ಎಂದು ಹೊಡೆಸಿಕೊಂಡು ಹೋದಳು. ಕೊಟ್ಟಿಗೆ ಖಾಲಿಯಾಯಿತು. ಅಲ್ಲಿಂದ ನಮಗೆ ಎದುರು ಸಾಲಿನ ಹಾಲಿನಮ್ಮನ ಮನೆಯ ಎಮ್ಮೆ ಹಾಲು. ಗಂಜಲದ ಪ್ರಶ್ನೆಯೇ ಮುಗಿಯಿತಲ್ಲ ಎಂದು ನನಗೆ ಖುಷಿ.

ಶ್ರಾವಣ ಕಳೆಯುತ್ತಾ ಬಂದಾಗ ಒಂದು ಸಂಜೆ ಮನೆಗೆ ಬಂದರೆ ಏಲಕ್ಕಿಯ ಘಮ. ಹಾಲಿನಮ್ಮನ ಹಸು ಈದಿತ್ತು. ನಮ್ಮ ಬೀದಿಯಲ್ಲಿ ಗಿಣ್ಣುಹಾಲನ್ನು ಯಾರೂ ಮಾರುವುದಿಲ್ಲ, ಹಂಚುತ್ತಾರೆ. ನನ್ನ ಹೆಂಡತಿ ಬೆಳಗ್ಗೆ ಹೋಗಿ ತಂದು, ಬೆಲ್ಲ ಹಾಕಿ ಗಿಣ್ಣು ಮಾಡಿದ್ದಳು. ನನ್ನ ತಟ್ಟೆಯಿಂದ ಒಂದು ತುಂಡನ್ನು ನಾಯಿಗೆ ಕೊಟ್ಟೆ, ಅಷ್ಟು ದಿನ ಕಂಬವನ್ನು ಒಣಗಿಸಿಟ್ಟದ್ದಕ್ಕೆ ಬಹುಮಾನವೆಂದು.

"ಗಿಣ್ಣ ನಾಯ್ಗಾ?" ಎಂದಳು ಅವ್ವ. "ಎತ್ತ ತಾಯಿಗೇ ಇಷ್ಟು ದೊಡ್ಡ ತುಂಡು ಕೊಟ್ಟಿಲ್ಲ ಇವ್ನು."

ನಾನು ನಕ್ಕೆ. ಹೆಂಡತಿ ನಗಲಿಲ್ಲ ಎಂದು ಈಗ ಅನಿಸುತ್ತದೆ. ಅದು ಈಗಿನ ಅನಿಸಿಕೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಮಾರನೆಯ ದಿನವೋ ಅದರ ಮರುದಿನವೋ ಕಾಲೇಜಿನಿಂದ ಬಂದಾಗ ಅವ್ವ ನಡುಮನೆಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಕಂಬದ ಬುಡ ಒದ್ದೆ.

"ನೋಡ್ಲಾ. ನನ್ ಕಣ್ಣಾರೆ ಕಂಡೆ. ಕಾಲೆತ್ತಿ ನಿಂತಿತ್ತು, ಛೂ ಅಂದ್ರೂ ನಿಲ್ಸಲಿಲ್ಲ."

ಒಂದು ಸಲ ಆಗುತ್ತದೆ ಎಂದುಕೊಂಡೆ. ಮರುದಿನವೂ ಆಯಿತು. ಆಮೇಲೆ ದಿನವೂ. ನಾನು ತರ್ಕ ಮಾಡಿದೆ. ಗಂಜಲದ ವಾಸನೆ ನಾಯಿಯನ್ನು ಕರೆಯುತ್ತದೆ. ಈಗ ಮನೆಯಲ್ಲಿ ಹಸುವಿಲ್ಲ. ಹಸುವಿಲ್ಲದ ಮನೆಯಲ್ಲಿ ಗಂಜಲವಿಲ್ಲ. ಆದ್ದರಿಂದ ಇದು ಗಂಜಲದ ಕೆಲಸವಲ್ಲ, ನಾಯಿಯದೇ. ಹಾಗಾದರೆ ಮೊದಲು ನಿಲ್ಲಿಸಿದ್ದೂ ಗಂಜಲ ನಿಂತದ್ದರಿಂದಲ್ಲ, ಅದರ ಮನಸ್ಸಿಗೆ ಬಂದದ್ದರಿಂದ. ಇಷ್ಟು ದಿನ ನಾನು ಊರಿಗೆಲ್ಲ ಸಾರಿದ್ದು ಬರೀ ಬುರುಡೆ. ಬಗ್ಗಿ ನೆಲವನ್ನು ಮೂಸಿ ನೋಡುವ ತರ್ಕ ನಮ್ಮ ಪಠ್ಯದಲ್ಲಿ ಇರಲಿಲ್ಲ.

ನಾಯಿ ನನಗೆ ಕೈಕೊಟ್ಟಿತು ಎಂಬ ಭಾವನೆ ಎಷ್ಟು ಬಲವಾಗಿತ್ತೆಂದರೆ, ಈಗಲೂ ಅದನ್ನು ನೆನೆದರೆ ಎದೆಯಲ್ಲಿ ಆ ಹಳೆಯ ಉರಿ ಏಳುತ್ತದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಆ ನಾಯಿ ನನಗೆ ಒಂದು ಪ್ರಮಾಣಪತ್ರವಾಗಿತ್ತು. ನಾನು ಓದಿದ್ದು ನಡುಮನೆಯ ನೆಲದ ಮೇಲೂ ನಡೆಯುತ್ತದೆ ಎಂದು ಅವ್ವನಿಗೆ ತೋರಿಸಲು ನನ್ನ ಬಳಿ ಅದೊಂದೇ ಇದ್ದದ್ದು. ಹಬ್ಬ ಇನ್ನೇನು ಬಂತು ಎನ್ನುವಾಗ ಅದು ದಿನವೂ ಹೋಗಿ ಅಲ್ಲಿಯೇ ಕಾಲೆತ್ತುತ್ತಿತ್ತು. ಸಂಜೆ ಕುರ್ಚಿಯ ಕೆಳಗೆ ಬಂದರೆ ನಾನು ಎದ್ದು ಜಗುಲಿಗೆ ಹೋಗಿ ಓದತೊಡಗಿದೆ. ಅದು ಬಾಗಿಲವರೆಗೆ ಬಂದು, ನನ್ನನ್ನು ನೋಡಿ, ಅಲ್ಲಿಯೇ ಕೂರುತ್ತಿತ್ತು.

ಹೆಂಡತಿ ನನಗೆ ಸಮಾಧಾನ ಹೇಳಿದಳು. ಇದು ನನಗೆ ಚೆನ್ನಾಗಿ ನೆನಪಿದೆ. "ಬೇಜಾರ್ ಮಾಡ್ಕಬೇಡಿ. ಅದ್ರ ಬುದ್ಧಿ ಅಷ್ಟೇಯ. ನೀವೇನ್ ಮಾಡಕ್ಕಾಯ್ತದೆ?" ಎಂದು ತಲೆ ಸವರಿದಳು.

ಗೌರಿ ಹಬ್ಬದ ದಿನ ಭಾಮೈದ ಬಂದ. ಅರಕೆರೆ ಕಡೆಯಿಂದ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ತಂದ ಟ್ರಾಕ್ಟರಿನಲ್ಲಿ ಕೂತು, ಮಡಿಲಲ್ಲಿ ಅಕ್ಕನ ಬಾಗಿನದ ಮೊರ ಇಟ್ಟುಕೊಂಡು ಶ್ರೀರಂಗಪಟ್ಟಣದ ದಾರಿಯಾಗಿ ಬಂದಿದ್ದ. ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಕೇಳಿದ:

"ಎಲ್ಲಿ ಭಾವ, ನಿಮ್ಮ ಶಿಷ್ಯ? ಫೇಲಾದ್ನಂತೆ?"

"ಫೇಲು."

"ನಮ್ಮ ಗದ್ದೇಲಿ ಪಾಸ್ ಮಾಡ್ಸಾನ ಬುಡಿ. ಅಲ್ಲಿ ಎಲ್ಲಿ ಉಯ್ದ್ರೂ ನಂಬರ್ ಕೊಡ್ತೀವಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಬ್ಬು ಇಳಿಸಿ ಖಾಲಿಯಾಗಿದ್ದ ಟ್ರೈಲರ್ ಬೀದಿಯ ಕೊನೆಗೆ ಬಂದು ನಿಂತಿತು. ಹೆಂಡತಿ ನಾಯಿಯ ತಟ್ಟೆಯನ್ನು ತೊಳೆದು, ಆ ಹಳೆಯ ಸೀರೆಯಲ್ಲಿ ಸುತ್ತಿ ತಮ್ಮನ ಕೈಗೆ ಕೊಟ್ಟಳು. ನಾಯಿ ಮೊದಲು ಹತ್ತಲಿಲ್ಲ. ನಾನು ಟ್ರೈಲರಿನ ಹಲಗೆ ತಟ್ಟಿದೆ. ತಟ್ಟಿದರೆ ಬರಬೇಕೆಂದು ನಾನೇ ಕಲಿಸಿದ್ದೆ. ಹಾರಿ ಹತ್ತಿತು. ಕಬ್ಬಿನ ಒಣ ಸೋಗೆಯ ರವದಿಯ ಮೇಲೆ ನಿಂತು, ಟ್ರಾಕ್ಟರು ತಿರುಗುವವರೆಗೆ ನಾನೂ ಹತ್ತುತ್ತೇನೆ ಎಂಬಂತೆ ನನ್ನನ್ನೇ ನೋಡುತ್ತಿತ್ತು. ಹಾಗೆ ನೋಡಿತು ಎಂಬುದೂ ನನ್ನದೇ ಕಲ್ಪನೆ ಇರಬಹುದು. ಸದ್ದಿಗೆ ಬೆದರಿ ಯಾವ ಕಡೆಗೋ ನೋಡಿರಬಹುದು.

ಸಂಕ್ರಾಂತಿಗೆ ಅರಕೆರೆಗೆ ಹೋದೆವು. ನಾಯಿ ಗುರುತು ಹಿಡಿದು ಮೈಮೇಲೆ ಬಿತ್ತು. ಆದರೆ ನಾನು ಮನೆಯೊಳಗೆ ಹೋದಾಗ ಹೊಸಲಿನಾಚೆಯೇ ನಿಂತಿತು. ನಮ್ಮತ್ತೆ ಹೇಳಿದರು: "ಬಂದಾಗ್ಲಿಂದ ಅಂಗೇ ಕಣಪ್ಪ. ಬಾ ಅಂದ್ರೂ ಒಳಿಕ್ಕೆ ಕಾಲಿಡಕ್ಕಿಲ್ಲ. ಮಳೇಲಿ ನೆನೀತಾ ನಿಂತಿರ್ತದೆ." ನನಗೆ ಅದನ್ನು ಕೇಳಿ ಇನ್ನೂ ಸಿಟ್ಟು ಬಂತು. ನನ್ನ ಮನೆಯಲ್ಲಿ ಕಲಿಯದ್ದನ್ನು ಇಲ್ಲಿ ಕಲಿತಿದೆ ಎಂದುಕೊಂಡೆ. ಅದು ಎರಡು ಮೂರು ವರ್ಷ ಇತ್ತು. ಗದ್ದೆಯಲ್ಲಿ ಹಾವು ಕಡಿದು ಸತ್ತಿತು ಎಂದು ಭಾಮೈದ ಯಾವಾಗಲೋ ಬಂದಾಗ ಹೇಳಿದ.

ದಶಕದ ಕೊನೆಯಲ್ಲಿ ಅವ್ವ ತೀರಿಕೊಂಡಳು. ವರ್ಷದ ಕಾರ್ಯಕ್ಕೆ ಮನೆ ಶುದ್ಧಿ ಮಾಡಲು ಗಂಜಲ ಬೇಕೆಂದರು. ನಮ್ಮ ಕೊಟ್ಟಿಗೆಯಲ್ಲಿ ಅಷ್ಟು ಹೊತ್ತಿಗೆ ಸ್ಕೂಟರ್ ನಿಲ್ಲುತ್ತಿತ್ತು. ಹೆಂಡತಿ ಅಡಿಗೆಯಲ್ಲಿದ್ದಳು. ನಾನೇ ಚೊಂಬು ಹಿಡಿದು ಎದುರು ಮನೆಗೆ ಹೋದೆ. ಹಾಲಿನಮ್ಮ ಹಸುವಿನ ಹಿಂದೆ ಕೂತು ಚೊಂಬು ಹಿಡಿಯುತ್ತಾ ಹೇಳಿದರು:

"ಏನ್ ಮೇಷ್ಟ್ರೇ, ಇವತ್ತು ನೀವೇ ಬಂದ್ಬುಟ್ರಾ? ಆಗ ನಿಮ್ ಹೆಂಡ್ರು ದಿನಾ ಬತ್ತಿದ್ರು."

"ಯಾವಾಗ?"

"ನಿಮ್ಮನೇಲಿ ನಾಯಿ ಇತ್ತಲ್ಲ, ಆಗ. ಗೌರಿ ಹಬ್ಬ ವಸಿ ಮುಂದಿತ್ತು. ನೀವು ಬಸ್ಸಿಗೆ ಓಗದೇ ತಡ, ಚೊಂಬು ತಕ್ಕಂಡು ಬಂದ್ಬುಡೋರು. ನಾಯಿ ಓಯ್ತು, ಅವ್ರು ಬರಾದೂ ನಿಂತೋಯ್ತು."

ತುಂಬಿದ ಚೊಂಬನ್ನು ಹಿಡಿದು ಬೀದಿ ದಾಟಿದೆ. ಆ ಚೊಂಬು ನನ್ನ ಕೈಯಲ್ಲಿದ್ದಾಗಲೇ ಮೊದಲು ಹೇಳಿದ ಚಿತ್ರ ನನಗೆ ಕಂಡದ್ದು, ಸೆರಗಿನ ಸಮೇತ. ಅದಕ್ಕೇ ಅದನ್ನು ನಂಬಲಾರೆ ಎಂದೆ.

ಕಾರ್ಯ ಮುಗಿದು ನೆಂಟರು ಹೋದ ಮೇಲೆ ಹೆಂಡತಿಯನ್ನು ಕೇಳಿದೆ. ಅವಳು ಪಾತ್ರೆಗಳನ್ನು ಒರೆಸಿ ಕವುಚಿ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೂಂ, ತತ್ತಿದ್ದೆ."

"ಯಾಕೆ?"

"ಅತ್ತೆ ಹೇಳಿದ್ರು. ಹಬ್ಬ ಬತ್ತಾದೆ, ಅರಿಶಿನದ ನೀರಲ್ಲಿ ಎಷ್ಟು ದಿನ, ವಸಿ ಗಂಜಲ ಹಾಕಿ ಶುದ್ಧಿ ಮಾಡು ಅಂತ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಅವ್ರ ಮೇಲೆ ಬೀಳ್ತಿದ್ರಿ."

"ನಾಯಿ ಮೊದಲು ಹೊಯ್ದದ್ದಕ್ಕೆ ನೀನು ಗಂಜಲ ಹಾಕಿದೆಯೋ, ಗಂಜಲ ಹಾಕಿದ್ದಕ್ಕೆ ನಾಯಿ ಹೊಯ್ದಿತೋ?"

ಈಗ ಅವಳು ತಿರುಗಿದಳು. "ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ನಾನ್ಯಾಕೆ ನೆಪ್ಪಿಟ್ಕಳ್ಳಿ? ತರ್ಕದ ಮೇಷ್ಟ್ರು ನೀವು." ಕೈಯಲ್ಲಿದ್ದ ಬಟ್ಟೆಯನ್ನು ಕೊಡವಿ ಹೇಳಿದಳು: "ನಾಯಿ ನಿಮ್ದು, ಒರ್ಸೋ ಬಟ್ಟೆ ನಂದು. ಬೆಳಗ್ಗೆ ಓದ್ರೆ ಸಂಜೆಗೆ ಬತ್ತಿದ್ರಿ. ಬಂದು ಅದ್ರ ತಲೆ ಸವರ್ತಿದ್ರಿ."

ಅವಳ ಮಾತಿನಲ್ಲಿ ನಿಜವಿತ್ತು. ಒರೆಸಿದವಳು ಅವಳೇ. ಆ ಬಟ್ಟೆಯನ್ನು ಒಂದು ದಿನ ನನ್ನ ಮುಂದೆ ಎಸೆದು, ಇನ್ನು ನನ್ನ ಕೈಲಾಗದು ಎಂದಿದ್ದರೆ ನಾನೇನು ಮಾಡುತ್ತಿದ್ದೆ? ಬಹುಶಃ ಜಗಳವಾಡುತ್ತಿದ್ದೆ. ಆಮೇಲೆ ನಾನೇ ನಾಯಿಯನ್ನು ಜಗುಲಿಗೆ ಕಟ್ಟುತ್ತಿದ್ದೆ. ಅದು ಸೋಲು ಎಂದಾದರೂ ಗೊತ್ತಿರುತ್ತಿತ್ತು. ಆದರೆ ಅವಳು ನನ್ನ ಪಕ್ಕದಲ್ಲಿ ಕೂತು ನನ್ನ ತಲೆ ಸವರಿದಳು. ಅದರ ಬುದ್ಧಿ ಅಷ್ಟೇ ಎಂದಳು. ಊಟದ ತಟ್ಟೆಯ ಮುಂದೆ ನಾನು ಹಿಗ್ಗಿನಿಂದ ಬಿಡಿಸಿ ಹೇಳಿದ್ದನ್ನು ಆ ಮನೆಯಲ್ಲಿ ನಿಜವಾಗಿ ಕಲಿತವಳು ಅವಳೊಬ್ಬಳೇ, ಕಲಿತದ್ದನ್ನು ನನ್ನ ಮೇಲೆಯೇ ಪ್ರಯೋಗಿಸಿದಳು ಎಂಬ ಸಂಶಯ ಒಮ್ಮೆ ಹೊಕ್ಕ ಮೇಲೆ ಹೋಗಲಿಲ್ಲ.

ಆದರೂ ಅವಳು ಹೇಳಿದ್ದು ನಿಜವೂ ಇರಬಹುದಲ್ಲ? ಅವ್ವ ಹೇಳಿರಬಹುದು. ಹಬ್ಬದ ಶುದ್ಧಿ ಎಂದರೆ ಅವ್ವ ನನ್ನ ಮಾತು ಲೆಕ್ಕಕ್ಕೆ ತೆಗೆದುಕೊಳ್ಳುವವಳಲ್ಲ. ಕೇಳೋಣವೆಂದರೆ ಅವ್ವ ಇಲ್ಲ. ಇಬ್ಬರೂ ಸೇರಿ ಮಾಡಿದರೇ, ಒಬ್ಬಳೇ ಮಾಡಿದಳೇ, ಯಾರೂ ಮಾಡದೆ ಬರೀ ಭಕ್ತಿಯಿಂದ ಆಯಿತೇ? ಬಸ್ಸಿನಲ್ಲಿ ಕೂತು ದಿನವೂ ಇದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಒಂದು ದಿನ ಹಿಂದಿನ ಸೀಟಿನಲ್ಲಿ ಯಾರೋ ಹೆಂಗಸು ಮಗಳ ಮನೆಗೆಂದು ಗಿಣ್ಣುಹಾಲು ಒಯ್ಯುತ್ತಿದ್ದಳು. ಚೆಲ್ಲುತ್ತದೆ ಎಂದು ಕಂಡಕ್ಟರ್ ಜೊತೆ ಅವಳ ಜಗಳ. ಆಗ ನನಗೆ ಆ ಸಂಜೆಯ ಏಲಕ್ಕಿಯ ಘಮ, ನಾಯಿಗೆ ಕೊಟ್ಟ ತುಂಡು ನೆನಪಾದವು. ಗಿಣ್ಣು ತಿಂದ ದಿನ ಕಂಬದ ಬುಡ ಒಣಗಿತ್ತು. ಒಣಗಿದ್ದಕ್ಕೇ ಬಹುಮಾನ ಕೊಟ್ಟಿದ್ದೆ. ಹಾಗಾದರೆ ಒದ್ದೆ ಶುರುವಾದದ್ದು ಹಾಲಿನಮ್ಮನ ಹಸು ಈದ ಮೇಲೆ. ಅವಳು ಗಂಜಲ ತರತೊಡಗಿದ್ದು ಯಾವಾಗ? ಯಾವ ಹಸುವಿನದು?

ಬಸ್ಸಿಳಿದು ಮನೆಗೆ ಹೋಗಲಿಲ್ಲ, ನೇರವಾಗಿ ಹಾಲಿನಮ್ಮನ ಕೊಟ್ಟಿಗೆಗೆ ಹೋದೆ.

"ಆವತ್ತು ನನ್ನ ಹೆಂಡತಿ ಗಂಜಲ ಕೇಳೋಕೆ ಬರ್ತಿದ್ಲು ಅಂದ್ರಲ್ಲ, ಮೊದಲು ಬಂದದ್ದು ಯಾವತ್ತು, ನೆನಪಿದೆಯಾ?"

"ಇಲ್ದೆ ಏನು? ಗಿಣ್ಣಾಲು ಇಸ್ಕಳಕ್ಕೆ ಬಂದ ದಿನಾನೇ ಸುರು. ಒಂದ್ ಕೈಲಿ ಗಿಣ್ಣಾಲು, ಇನ್ನೊಂದು ಕೈಲಿ ಚೊಂಬು."

"ಆಗ ನಿಮ್ಮ ಕೊಟ್ಟಿಗೆಯಲ್ಲಿ ಬೇರೆ ಹಸು ಇತ್ತಾ?"

"ಎಲ್ಲಿಂದ ಬರ್ಬೇಕು ಮೇಷ್ಟ್ರೇ? ಇದ್ದಿದ್ದೇ ಅದೊಂದು ಹಸ, ಮಿಕ್ಕಿದ್ದು ಎಮ್ಮೆ. ನಾನು ಹೇಳ್ದೆ ಕಣಪ್ಪ, ಈದ ಹಸ ಕಣವ್ವ, ಪುರುಡು, ಇದ್ರ ಗಂಜಲ ಶುದ್ಧಿಗೆ ಬರಕ್ಕಿಲ್ಲ, ನಿಮ್ಮತ್ತೆಗೆ ಗೊತ್ತಾದ್ರೆ ನನ್ನೂ ಸೇರ್ಸಿ ಬಯ್ತಾರೆ ಅಂತ. ಪರವಾಗಿಲ್ಲ ಕೊಡಿ, ದೇವ್ರಿಗಲ್ಲ ಅಂದ್ರು."

ಒಬ್ಬರ ನೆನಪನ್ನು ನಂಬುವವನಲ್ಲ ನಾನು. ಅವರ ಸೊಸೆ ಕೊಳಾಯಿಯ ಹತ್ತಿರ ಸಿಕ್ಕಾಗ, ಅತ್ತೆಯ ಮಾತನ್ನು ಹೇಳದೆ ಬೇರೆಯಾಗಿ ಕೇಳಿದೆ. ಆ ವರ್ಷ ಅವರಿಗೆ ಇದ್ದದ್ದು ಒಂದೇ ಹಸು. ಅದು ಈದದ್ದು ಮೊದಲು, ನಮ್ಮ ಮನೆಗೆ ಗಂಜಲ ಹೋದದ್ದು ಆಮೇಲೆ. ಪುರುಡಿನ ಹಸುವಿನ ಗಂಜಲವನ್ನು ಶುದ್ಧಿಗೆ ತಾ ಎಂದು ಅವ್ವ ಹೇಳಿರಲಾರಳು.